ನಾಲ್ಕು ಗೀರು

ನರೇಶ ಕಾರಿನ ಬಾಗಿಲಿಗೆ ಅಂಟಿದ್ದ ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಜಗ್ಗಿದ. ಅದು ಸುಲಭಕ್ಕೆ ಬರಲಿಲ್ಲ. ಬಂದಾಗ ಫಟ್ಟೆಂದು ಕಿತ್ತು ಬಂದು ಅವನನ್ನೇ ಎರಡು ಹೆಜ್ಜೆ ಹಿಂದಕ್ಕೆ ತಳ್ಳಿತು. ಸಾವರಿಸಿಕೊಂಡು ಕಾರಿನ ಕಡೆ ನೋಡಿದವನ ಮುಖ ಕಪ್ಪಿಟ್ಟಿತು. ಬಿಳೀ ಬಾಗಿಲ ಮೇಲೆ ನಾಲ್ಕು ಗೀರು. ಒಂದರ ಪಕ್ಕ ಒಂದು, ಒಂದೊಂದೂ ಒಂದು ಗೇಣುದ್ದ, ಓರೆಯಾಗಿ ಕೆಳಗಿಳಿದಿದ್ದವು. ಪೇಂಟು ಎದ್ದುಹೋಗಿ ಒಳಗಿನ ಬೂದು ಬಣ್ಣ ಕಾಣುತ್ತಿತ್ತು.

"ಯಾವನ್ಲಾ ಇದು?" ಎಂದು ಕೂಗಿದ. "ಬೋರ್ಡ್ ತೆಗ್ದು, ನನ್ನ ಫೋಟೋ ಇರೋ ಜಾಗದಲ್ಲೇ ಕೆರ್ದು, ಮತ್ತೆ ಅಂಟಿಸವ್ನಲ್ಲ! ಯಾವನು ಅಂತ ಈಗ್ಲೇ ಗೊತ್ತಾಗ್ಬೇಕು ನಂಗೆ."

ಸಿಟ್ಟಿಗೆ ಕೆರೆಯುವವನು ಅಷ್ಟು ಜೋಪಾನವಾಗಿ ಬೋರ್ಡು ತೆಗೆದು, ಅದರ ಹಿಂದೆ ಕೆರೆದು, ಮತ್ತೆ ನೆಟ್ಟಗೆ ಅಂಟಿಸಿ ಹೋಗುತ್ತಾನೆಯೇ ಎಂದು ಕೇಳುವ ಧೈರ್ಯ ಆ ಅಂಗಳದಲ್ಲಿ ಯಾರಿಗೂ ಇರಲಿಲ್ಲ. ಬೋರ್ಡಿನಲ್ಲಿ ಇದ್ದವನು ನರೇಶನೇ. ಕೈಮುಗಿದು ನಗುವ ಫೋಟೋ, ಕೆಳಗೆ ‘ನಿಮ್ಮ ಮನೆ ಮಗ’ ಎಂಬ ಬರಹ. ವಾರ್ಡಿನ ಎಲೆಕ್ಷನ್ನು ಇವತ್ತು ಬಂತು ನಾಳೆ ಬಂತು ಎನ್ನುತ್ತಲೇ ವರ್ಷಗಳು ಕಳೆದಿವೆ. ಎಲೆಕ್ಷನ್ನು ಬರದಿದ್ದರೂ ನರೇಶ ಪ್ರತಿ ಹಬ್ಬಕ್ಕೂ ಹೊಸ ಫೋಟೋ ತೆಗೆಸುವುದನ್ನು ಬಿಟ್ಟಿರಲಿಲ್ಲ. ಓಡುವ ಗಾಡಿಯಿಂದ ಬೀಳಬಾರದೆಂದು ಪ್ರತಿ ಬೋರ್ಡಿನ ಹಿಂದೆಯೂ ನಾಲ್ಕು ಗುಂಡನೆಯ ಮ್ಯಾಗ್ನೆಟ್ಟುಗಳನ್ನು ಒಂದೇ ಸಾಲಿಗೆ ಕೂರಿಸಿ ರಿವೆಟ್ಟು ಹೊಡೆಸಿದ್ದ. ಇವತ್ತು ಸಂಜೆ ಹಳೆಯದನ್ನು ತೆಗೆದು ಗಣೇಶನ ಹಬ್ಬದ್ದನ್ನು ಹಾಕಲು ಬಂದಿದ್ದ.

ಕಾರು ಅವನ ಅಪ್ಪ ಮುನಿಕೃಷ್ಣಪ್ಪನದು. ಅಂಗಳದ ಸುತ್ತ ಇರುವ ಬಾಡಿಗೆ ಕೋಣೆಗಳೂ ಅವನವೇ. ಮನೆಯವರು ಇರುವುದು ಮೇಲಿನ ಮಹಡಿಯಲ್ಲಿ. ಕಗ್ಗದಾಸಪುರ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಹಸು ಕಟ್ಟುತ್ತಿದ್ದರಂತೆ. ಈಗ ಅಲ್ಲಿ ಯಾದಗಿರಿ ಕಡೆಯ ಜನ ಇದ್ದಾರೆ. ಮೂಲೆಯ ಕೋಣೆ ಮುತ್ತಣ್ಣ ಮತ್ತು ಅವನ ಹೆಂಡತಿ ಜಯಮಾಲಾಳದು. ಮುತ್ತಣ್ಣ ಇದೇ ಕಾರನ್ನು ಮಹದೇವಪುರದ ಒಂದು ಕಂಪನಿಗೆ ಓಡಿಸುತ್ತಾನೆ. ತಲೆಯ ಮೇಲಿನ ಸೂರು, ಹೊಟ್ಟೆ ಹೊರೆಯುವ ಗಾಡಿ ಎರಡೂ ಒಬ್ಬನ ಕೈಯಲ್ಲೇ ಇರುವುದು ಎಂಥ ಅಪಾಯವೆಂದು ಜಯಮಾಲಾಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿಯೇ ನರೇಶ ‘ಬೋರ್ಡ್ ತೆಗ್ದು’ ಎಂದೊಡನೆ ಅವಳು ತಟ್ಟನೆ ಗಂಡನ ಕಡೆ ನೋಡಿದಳು.

ಯಾಕೆಂದರೆ ಬೋರ್ಡನ್ನು ದಿನಾ ತೆಗೆಯುತ್ತಿದ್ದವಳು ಅವಳೇ. ರಾಜಕೀಯದ ಬೋರ್ಡಿದ್ದ ಗಾಡಿಯನ್ನು ಕಂಪನಿಯ ಗೇಟಿನಲ್ಲಿ ಒಳಗೆ ಬಿಡುವುದಿಲ್ಲ. ತೆಗೆದರೆ ನರೇಶ ಬಿಡುವುದಿಲ್ಲ. ಗಂಡಹೆಂಡತಿ ಸೇರಿ ಒಂದು ದಾರಿ ಕಂಡುಕೊಂಡಿದ್ದರು: ಮೇಲಿನವರು ಏಳುವ ಮೊದಲೇ ಬೋರ್ಡು ತೆಗೆದು ಡಿಕ್ಕಿಗೆ ಹಾಕುವುದು, ಸಂಜೆ ರಸ್ತೆ ತಿರುವಿನಲ್ಲೇ ನಿಲ್ಲಿಸಿ ಅಂಟಿಸಿಕೊಂಡು ಬರುವುದು. ಮೊದಮೊದಲು ಮುತ್ತಣ್ಣನೇ ಜಗ್ಗಿ ತೆಗೆಯಲು ಹೋಗಿ ಬೆರಳು ಜಜ್ಜಿಸಿಕೊಂಡಿದ್ದ. ಆಮೇಲೆ ಅದು ಜಯಮಾಲಾಳ ಕೆಲಸವಾಯಿತು. ಅವಳು ಮಹದೇವಪುರದಲ್ಲಿ ಎಲೆಕ್ಟ್ರಿಕ್ ಸ್ಕೂಟರಿನ ಮೋಟಾರು ತಯಾರಿಸುವ ಕಾರ್ಖಾನೆಯಲ್ಲಿದ್ದಾಳೆ. ಒಂದಕ್ಕೊಂದು ಕಚ್ಚಿಕೊಂಡ ಮ್ಯಾಗ್ನೆಟ್ಟುಗಳನ್ನು ಬಿಡಿಸಿ ಮೋಟಾರಿನೊಳಗೆ ಕೂರಿಸುವುದೇ ಅವಳ ದಿನದ ಕೆಲಸ. "ಜಗ್ಗಿದ್ರ ಬರಂಗಿಲ್ಲ, ಅದಕ್ಕ ಜಾರಸ್ಬೇಕು" ಎಂದು ಗಂಡನಿಗೆ ಪಾಠ ಹೇಳಿ, ಅಂಗೈ ಊರಿ ಬೋರ್ಡನ್ನು ಓರೆಯಾಗಿ ಕೆಳಕ್ಕೆ ತಳ್ಳಿ, ಬಾಗಿಲ ತಗಡು ಬಾಗಿದ ಮಡಿಕೆಗೆ ಬಂದು ಹಿಡಿತ ಸಡಿಲವಾದೊಡನೆ ಎತ್ತಿ ಅವನ ಕೈಗೆ ಕೊಡುತ್ತಿದ್ದಳು. ಆ ವಿಷಯದಲ್ಲಿ ಅವಳಿಗೆ ಕೊಂಚ ಜಂಬವೇ ಇತ್ತು.

ಗೀರಿನ ಯೋಚನೆ ಆಗ ಅವಳಿಗೆ ಬರಲಿಲ್ಲ. ತೆಗೆಯುತ್ತಿದ್ದುದು ಹೊರಗೆ ಬಿದ್ದರೆ ಗತಿಯೇನು ಎಂಬ ಭಯವೊಂದೇ ಬಂತು. ಅಷ್ಟರಲ್ಲಿ ಮುನಿಕೃಷ್ಣಪ್ಪ ಲುಂಗಿ ಎತ್ತಿ ಕಟ್ಟಿಕೊಳ್ಳುತ್ತ ಮೆಟ್ಟಿಲಿಳಿದು ಬಂದ. ಗೀರಿನ ಮೇಲೆ ಬೆರಳಾಡಿಸಿ ಮುತ್ತಣ್ಣನ ಕಡೆ ತಿರುಗಿದ.

"ಏನ್ ಮುತ್ತಣ್ಣ, ಬೋರ್ಡ್ನ ನೀನೇನಾದ್ರೂ ತೆಗ್ದಿದ್ಯಾ?"

ಮುತ್ತಣ್ಣ ನೆಲ ನೋಡಿದ. ಅವನು ಬಾಯಿ ತೆಗೆದರೆ ಕೆಟ್ಟಿತು ಎಂದು ಜಯಮಾಲಾ ಮುಂದೆ ನುಗ್ಗಿದಳು. "ನಾವ್ಯಾಕ್ರೀ ತೆಗೀತೀವಿ ಅಣ್ಣಾರ? ನಮ್ಮ ಅನ್ನದ ಗಾಡಿ ಅದು. ಕೆರ್ಯಾ ಮಂದಿ ಯಾರಂತ ನಿಮಗ ಗೊತ್ತಿಲ್ಲೇನು? ಹೋದ ವಾರ ಯಂಕಮ್ಮ ಎಲ್ಲಾರ ಮುಂದ ಅಂದಿದ್ಳು, ಅವನ ಮಾರಿ ಕೆರದ್ ಬಿಡ್ಬೇಕು ಅಂತ."

ಯಂಕಮ್ಮ ಪಕ್ಕದ ಕೋಣೆಯವಳು. ಬಟ್ಟೆ ಒಣಹಾಕುವ ಹಗ್ಗದ ಮೇಲೆ ಶುರುವಾದ ಜಗಳಕ್ಕೆ ಇಬ್ಬರೂ ಮಾತು ಬಿಟ್ಟು ವರ್ಷದ ಮೇಲಾಗಿತ್ತು. ಎದುರು ಬದುರಾದರೆ ಒಬ್ಬಳು ಉಗಿಯುತ್ತಿದ್ದಳು, ಇನ್ನೊಬ್ಬಳು ಬಾಗಿಲು ಬಡಿಯುತ್ತಿದ್ದಳು. ಯಂಕಮ್ಮ ಹಾಗೆ ಅಂದದ್ದೂ ನಿಜ. ಅವಳ ಗಂಡ ಹಂಪಣ್ಣ ಸೆಂಟ್ರಿಂಗ್ ಕೆಲಸದವನು. ಕೂಲಿ ಬಿಟ್ಟು ನಿನ್ನ ಮೆರವಣಿಗೆಗೆ ಬರುವುದಿಲ್ಲ ಎಂದು ನರೇಶನ ಮುಖಕ್ಕೇ ಹೇಳಿದ್ದ, ನರೇಶ ಅವನ ಕಾಲರು ಹಿಡಿದಿದ್ದ. ಗಂಡನ ಕಾಲರಿಗೆ ಕೈ ಹಾಕಿದವನ ಮುಖ ಕೆರೆಯಬೇಕು ಎಂದು ಹೆಂಡತಿಗೆ ಅನ್ನಿಸಿದರೆ ಅದೇನು ಹೊಸದಲ್ಲ. ಬೇಕಿದ್ದವನಿಗೆ ಬೇಕಾದ ಮಾತು ಸಿಕ್ಕಿತು. ನರೇಶ ನೆಟ್ಟಗೆ ಹೋಗಿ ಹಂಪಣ್ಣನ ಬಾಗಿಲಿಗೆ ಒದ್ದ.

ಯಂಕಮ್ಮ ಹೊರಗೆ ಬಂದಳು. ಕೈಯೆಲ್ಲ ಹಿಟ್ಟು. ವಿಷಯ ಕೇಳಿ ಕಾರನ್ನೊಮ್ಮೆ ನೋಡಿದಳು, ಆಮೇಲೆ ಜಯಮಾಲಾಳನ್ನು. ಕಣ್ಣು ಕೀಳದೆ ಬಹಳ ಹೊತ್ತು ನೋಡಿದಳು.

"ಕೆರೀಬೇಕು ಅಂದಿದ್ದು ಖರೆ," ಎಂದಳು. "ಕೆರದಿಲ್ಲ."

"ನಾಳೆ ಸಂಜೆ ಒಳಗೆ ರೂಮ್ ಖಾಲಿ ಆಗ್ಬೇಕು," ಎಂದ ಮುನಿಕೃಷ್ಣಪ್ಪ. "ಪೊಲೀಸು ಗಿಲೀಸು ಅಂತ ನಾನ್ ಹೋಗಲ್ಲ. ನಿಮ್ ಪಾಡಿಗೆ ನೀವು ಹೊಂಟೋಗಿ."

ಒಳಗೆ ಬಂದು ಚಿಲಕ ಹಾಕಿದ ಮೇಲೆ ಜಯಮಾಲಾಗೆ ನಗು ಬಂತು. ಭಯ ಇಳಿದ ನಗು ಅರ್ಧ, ಪೀಡೆ ತೊಲಗುತ್ತದೆಂಬ ನಗು ಅರ್ಧ. ಮುತ್ತಣ್ಣ ನಗಲಿಲ್ಲ. ರೊಟ್ಟಿ ಮುರಿಯುತ್ತ ಕೂತವನು ತಲೆ ಎತ್ತದೆ ಊಟ ಮುಗಿಸಿ ಮಲಗಿದ.

ಮರುದಿನ ಶನಿವಾರ. ಮುತ್ತಣ್ಣನ ಕಂಪನಿಗೆ ರಜೆ, ಜಯಮಾಲಾಳ ಕಾರ್ಖಾನೆ ಅರ್ಧ ದಿನ. ಹೊಸದಾಗಿ ಸೇರಿದ ಪೂಜಿತಾ ಎಂಬ ಹುಡುಗಿಯನ್ನು ಜಯಮಾಲಾಳ ಪಕ್ಕದಲ್ಲಿ ಕೂರಿಸಿದ್ದರು. ಹುಡುಗಿ ಮೊದಲ ದಿನವೇ ಎರಡು ಮ್ಯಾಗ್ನೆಟ್ಟನ್ನು ಜಗ್ಗಲು ಹೋಗಿ ಅಂಗೈಯ ಚರ್ಮ ಸಿಕ್ಕಿಸಿಕೊಂಡು ಅತ್ತಿದ್ದಳು. ಅಂದಿನಿಂದ ಜಯಮಾಲಾ ಅವಳಿಗೆ ಜಾರಿಸುವುದನ್ನು ಕಲಿಸುತ್ತಿದ್ದಳು: ಮೇಲಿನದನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳು, ಅದು ಹೊರಬಂದ ಮೇಲೆ ದೂರ ಒಯ್ಯಿ, ಅವಸರ ಮಾಡಬೇಡ. ಹುಡುಗಿಯ ಕೈ ಈಗ ಸುಮಾರಾಗಿ ಪಳಗಿತ್ತು.

ಟೀ ಹೊತ್ತಿಗಿಂತ ಮುಂಚೆ ಪೂಜಿತಾಳ ಕೈಯಿಂದ ಮ್ಯಾಗ್ನೆಟ್ಟಿನ ಸಣ್ಣ ಕಟ್ಟೊಂದು ಎಗರಿ ಪಕ್ಕದ ಮಿಷನ್ನಿನ ಹಸಿರು ಮುಚ್ಚಳಕ್ಕೆ ಅಂಟಿಕೊಂಡಿತು. ಹುಡುಗಿ ಗಾಬರಿಯಾಗದೆ, ಕಲಿಸಿದ ಹಾಗೆ ಅಂಗೈ ಊರಿ ಓರೆಯಾಗಿ ಕೆಳಕ್ಕೆ ಜಾರಿಸಿದಳು. ಜರ್ ಎಂದು ಶಬ್ದವಾಯಿತು. ಸೂಪರ್‌ವೈಸರ್ ಮಧುಕರ್ ಆ ಕಡೆಯಿಂದಲೇ ಕಿರುಚಿಕೊಂಡು ಬಂದ.

"ಏನಮ್ಮಾ ಮಾಡ್ತಿದೀಯ? ಮೊನ್ನೆ ತಾನೆ ಪೇಂಟ್ ಮಾಡ್ಸಿರೋ ಮಿಷನ್ನು! ಮ್ಯಾಗ್ನೆಟ್ಟಿಗೆ ಮ್ಯಾಗ್ನೆಟ್ ಕಚ್ಕೊಂಡ್ರೆ ಜಾರ್ಸು. ಪೇಂಟ್ ಮೇಲೆ ಕೂತಿದ್ರೆ ಜಾರ್ಸಬಾರ್ದು, ಪ್ಲಾಸ್ಟಿಕ್ ಪಟ್ಟಿ ಕೆಳಗೆ ತೂರ್ಸಿ ಎತ್ಬೇಕು. ಕೆಳಗೆ ಒಂದು ಕಣ ಧೂಳಿದ್ರೂ ಸಾಕು, ಕೆರ್ಕೊಂಡ್ ಹೋಗತ್ತೆ. ಯಾರ್ ಹೇಳ್ಕೊಟ್ಟಿದ್ದು ಹಿಂಗೆ?"

"ಜಯಮಾಲಕ್ಕ, ಸಾರ್," ಎಂದಳು ಪೂಜಿತಾ.

ಜಯಮಾಲಾ ಹಸಿರು ಮುಚ್ಚಳ ನೋಡುತ್ತಿದ್ದಳು. ಅಲ್ಲೊಂದು ಗೀರು ಮೂಡಿತ್ತು. ಗೇಣುದ್ದ, ಓರೆಯಾಗಿ, ಬಲದಿಂದ ಎಡಕ್ಕೆ. ಮಧುಕರ್ ಬೈಯುತ್ತಲೇ ಇದ್ದ, ಅವಳ ಕಿವಿಗೆ ಅದು ಬೀಳಲಿಲ್ಲ. ಅವಳ ಬಲಗೈ ತಾನೇ ತಾನಾಗಿ ಮಡಿಲಲ್ಲಿ ಬಲದಿಂದ ಎಡಕ್ಕೆ ಒಮ್ಮೆ ಸರಿಯಿತು. ಯಾರೂ ಕೆರೆದಿಲ್ಲ, ಕೆರೆದದ್ದು ತಾನೇ. ಬೆಳಗಿನ ಮಬ್ಬಿನಲ್ಲಿ, ಗಂಡನಿಗೆ ಪಾಠ ಹೇಳುತ್ತ, ದಿನಾ. ಅವಳು ಎದ್ದು ನಲ್ಲಿಯ ಹತ್ತಿರ ಹೋಗಿ ಮುಖಕ್ಕೆ ನೀರು ಎರಚಿಕೊಂಡಳು.

ಮನೆಗೆ ಬಂದಾಗ ಯಂಕಮ್ಮನ ಪಾತ್ರೆ ಪಗಡೆ, ಹಾಸಿಗೆ ಸುರುಳಿ, ಕಬ್ಬಿಣದ ಮಂಚ ಅಂಗಳದಲ್ಲಿದ್ದವು. ಹಂಪಣ್ಣ ಲಗೇಜ್ ಆಟೋ ತರಲು ಹೋಗಿದ್ದ. ಜಯಮಾಲಾ ಒಳಗೆ ಹೋಗಿ ಗಂಡನಿಗೆ ಎಲ್ಲ ಹೇಳಿದಳು. ಮುತ್ತಣ್ಣನಿಗೆ ಆಶ್ಚರ್ಯವಾಗಲಿಲ್ಲ.

"ಗೀರು ನಾ ಮೊದಲss ನೋಡಿದ್ದೆ," ಎಂದ. "ಟ್ರಾಫಿಕ್‌ನ್ಯಾಗ ಬೈಕಿನ ಹುಡುಗ್ರು ಮಾಡ್ಯಾರ ಅನ್ಕೊಂಡಿದ್ದೆ. ಬೋರ್ಡಿನ ಹಿಂದ ಮುಚ್ಚಿಹೋಗ್ತದ ಬಿಡು ಅಂತ ಸುಮ್ಮನಿದ್ದೆ. ನೀನೂ ಸುಮ್ಮನಿರು ಜಯಾ. ಅವ್ರು ಹ್ಯಾಂಗೂ ಹೊಂಟಾರ."

"ಹೊಂಟಾರಂದ್ರ? ನಾ ಹೊಂಡಸ್ಲಿಕತ್ತೀನಿ!"

"ಗಾಡಿ ಹೋದ್ರ ನಾ ಏನ್ ಓಡಿಸ್ಲಿ? ನಿನ್ನ ಕಾಲ್ ಬೀಳ್ತೀನಿ, ಸುಮ್ಮನಿರು."

ಅವಳು ಸುಮ್ಮನಿರಲಿಲ್ಲ. ಮೆಟ್ಟಿಲು ಹತ್ತಿ ಹೋದಳು. ಮುನಿಕೃಷ್ಣಪ್ಪ ಟೀವಿ ಮುಂದೆ ಕೂತು ಕಡಲೆಕಾಯಿ ಸುಲಿಯುತ್ತಿದ್ದ. ಅವಳು ನಿಂತುಕೊಂಡೇ ಹೇಳಿ ಮುಗಿಸಿದಳು: ಗೇಟಿನ ಕಾಟ, ಬೆಳಗ್ಗೆ ತೆಗೆಯುತ್ತಿದ್ದುದು, ಜಾರಿಸಿದ್ದು, ಕಾರ್ಖಾನೆಯ ಹಸಿರು ಮುಚ್ಚಳ. ಅವನು ಟೀವಿಯ ಶಬ್ದ ಕಡಿಮೆ ಮಾಡಿ ಪೂರ್ತಿ ಕೇಳಿದ. ಅವನಿಗೆ ಅರ್ಥವಾಯಿತು ಎಂದು ಅವಳಿಗೂ ಅರ್ಥವಾಯಿತು.

"ಇರ್ಬೋದಮ್ಮ, ನೀನ್ ಹೇಳೋದು ನಿಜಾನೇ ಇರ್ಬೋದು. ಆದ್ರೆ ನರೇಶ ಅದನ್ನ ವಿಡಿಯೋ ಮಾಡಿ ಬಿಟ್ಬಿಟ್ಟವ್ನೆ. ಆಗದೇ ಇರೋರು ಮಾಡ್ಸವ್ರೆ ಅಂತ ಊರೆಲ್ಲ ಮಾತಾಡ್ತೈತೆ. ಅವ್ನಿಗೂ ಒಂದು ಹೆಸ್ರು ಬಂತು. ಈಗ ಹೋಗಿ ನಮ್ ಡ್ರೈವರ್ ಹೆಂಡ್ತಿನೇ ಉಜ್ಜಿದ್ದು ಅನ್ನಕ್ಕಾಯ್ತದಾ?"

"ಮತ್ತ ಯಂಕಮ್ಮ?"

"ಅವ್ರನ್ನ ಹೆಂಗೂ ಕಳಿಸ್ಬೇಕಾಗಿತ್ತು. ಬಾಯಿ ಜಾಸ್ತಿ ಆ ಹಂಪಣ್ಣಂಗೆ." ಕಡಲೆಕಾಯಿ ಸಿಪ್ಪೆ ಊದಿದ. "ನಿನ್ ಗಂಡ ಗಾಡಿ ಓಡುಸ್ಕೊಂಡವ್ನೆ, ನೀನು ಮನೇಲಿದೀಯ. ಬಾಯಿ ಮುಚ್ಕೊಂಡು ಇದ್ಬುಡು. ಇಲ್ಲಾಂದ್ರೆ ಎರಡು ರೂಮ್ ಖಾಲಿ ಆಯ್ತವೆ, ಅಷ್ಟೇಯ."

ಅವಳು ಕೆಳಗಿಳಿದು ಬಂದಳು. ಸುಳ್ಳೇಕೆ ಹೇಳಬೇಕು, ಅವಳಿಗೆ ಒಳಗೊಳಗೇ ಸಮಾಧಾನವೇ ಆಗಿತ್ತು. ಹೇಳುವುದನ್ನು ಹೇಳಿಯಾಯಿತು, ಕೇಳಬೇಕಾದವರು ಬೇಡವೆಂದರು, ಇನ್ನು ತನ್ನ ತಪ್ಪೇನು. ಹಾಗೆಂದುಕೊಳ್ಳುತ್ತಲೇ ಯಂಕಮ್ಮನ ಮಂಚದ ಪಕ್ಕ ಹಾದಳು. ಯಂಕಮ್ಮ ಕುಕ್ಕರುಗಾಲಲ್ಲಿ ಕೂತು ಹಾಸಿಗೆಗೆ ಹಗ್ಗ ಬಿಗಿಯುತ್ತಿದ್ದಳು. ವರ್ಷದ ಮೇಲೆ ಮೊದಲ ಸಲ ಅವಳೇ ಮಾತಾಡಿದಳು.

"ಮ್ಯಾಲ ಹೋಗಿ ಏನ್ ಊದಿ ಬಂದಿ? ಇನ್ನೂ ಏನಾರ ಉಳದಿತ್ತೇನು?"

"ನಾನss ಗೀರ್ ಮಾಡೀನಿ ಅಂತ ಹೇಳಿ ಬಂದೆ."

"ನಂಗ ಗೊತ್ತದ," ಎಂದಳು ಯಂಕಮ್ಮ. ಹಗ್ಗದ ಗಂಟಿನಿಂದ ಕಣ್ಣು ತೆಗೆಯಲಿಲ್ಲ. "ಮುಂಜಾನಿ ನೀರು ಹಿಡಿಲಿಕ್ಕ ಏಳ್ತೀನಲ್ಲ. ದಿನಾ ಜರ್ ಜರ್ ಅಂತ ಎಳೀತಿದ್ದಿ."

"ಮತ್ತ ನಿನ್ನಿ ಯಾಕ ಹೇಳಲಿಲ್ಲ?"

"ಹೇಳಿದ್ರ ನಮ್ಮನ್ನ ಇಟ್ಕೊಂತಿದ್ರೇನು? ನಿಮ್ಮನ್ನೂ ಹಾಕ್ತಿದ್ರು. ನನ್ನ ಗಂಡಗ ಸೆಂಟ್ರಿಂಗ್ ಕೆಲಸ ಎಲ್ಲಿ ಹೋದ್ರೂ ಅದ. ಮುತ್ತಣ್ಣಗ ಗಾಡಿ ಯಾರ್ ಕೊಡ್ತಾರ?" ಗಂಟು ಹಾಕಿ ಹಲ್ಲಿನಿಂದ ಬಿಗಿದಳು. "ನಿನ್ನ ಮ್ಯಾಲಿನ ಪ್ರೀತಿಗಿ ಅಲ್ಲ, ತಿಳೀತಿಲ್ಲ? ನಿನ್ನಂಥಾಕಿ ಆಗಬಾರದಂತ ಸುಮ್ಮನಿದ್ದೆ."

ಬೈದಿದ್ದರೆ ಜಯಮಾಲಾ ತಿರುಗಿ ಬೈಯುತ್ತಿದ್ದಳು. ಅವಮಾನ ಎಂದರೆ ಏನೆಂದು ಅವಳಿಗೆ ಅವತ್ತು ತಿಳಿಯಿತು. ಓನರಿನ ಮುಂದೆ ಕೈಕಟ್ಟಿ ನಿಂತಾಗಲೂ ಅವಳಿಗೆ ಹೀಗಾಗಿರಲಿಲ್ಲ.

ಅದೇ ಹೊತ್ತಿಗೆ ನರೇಶ ತನ್ನ ಹುಡುಗರನ್ನು ಕಟ್ಟಿಕೊಂಡು ಬಂದ. ನಿನ್ನೆಯ ವಿಡಿಯೋ ಚೆನ್ನಾಗಿ ಓಡಿದ್ದರಿಂದ ಇವತ್ತು ಲೈವ್ ಮಾಡುವುದೆಂದು ತೀರ್ಮಾನವಾಗಿತ್ತು. ರಸ್ತೆಯವರೂ ಒಬ್ಬೊಬ್ಬರಾಗಿ ಸೇರಿಕೊಂಡರು. ಗಣೇಶನ ಹಬ್ಬದ ಹೊಸ ಬೋರ್ಡನ್ನು ಬಾನೆಟ್ಟಿನ ಮೇಲೆ ಇಟ್ಟಿದ್ದರು. ನರೇಶ ಗೀರುಬಿದ್ದ ಬಾಗಿಲ ಪಕ್ಕ ನಿಂತು ಕೂದಲು ಸರಿಮಾಡಿಕೊಂಡ. ಒಬ್ಬ ಹುಡುಗ ಫೋನು ಹಿಡಿದ.

"ನೋಡಿ ಬಂಧುಗಳೇ, ಜನರ ಸೇವೆ ಮಾಡೋನ ಮೇಲೆ ಎಂಥ ದ್ವೇಷ ಅಂತ! ಇದು ನನ್ನ ಕಾರಿನ ಮೇಲಿನ ಗೀರಲ್ಲ, ಕಗ್ಗದಾಸಪುರದ ಸ್ವಾಭಿಮಾನದ ಮೇಲಿನ ಗೀರು! ಇದರ ಹಿಂದೆ ಯಾರ್ಯಾರ ಕೈವಾಡ ಇದೆ ಅನ್ನೋದು..."

"ನಂದೈತ್ರೀ," ಎಂದಳು ಜಯಮಾಲಾ.

ಜನ ತಿರುಗಿ ನೋಡಿದರು. ಅವಳು ಬಾನೆಟ್ಟಿನಿಂದ ಬೋರ್ಡನ್ನು ಎತ್ತಿಕೊಂಡು ಬಂದು ಬಾಗಿಲಿಗೆ ಹಿಡಿದಳು, ಠಕ್ಕೆಂದು ಕಚ್ಚಿಕೊಂಡಿತು. ಮುತ್ತಣ್ಣ "ಏ ಜಯಾ" ಎಂದು ಕೂಗಿದ್ದು ಕೇಳಿಸಿತು. ಅವಳು ಅಂಗೈ ಊರಿದಳು.

"ಕಂಪನ್ಯಾಗ ಇದನ್ನ ಒಳಗ ಬಿಡಂಗಿಲ್ಲ. ಅದಕ್ಕ ದಿನಾ ನಾ ತೆಗೀತಿದ್ದೆ. ಹಿಂಗ."

ಜರ್ ಎಂದು ಬೋರ್ಡು ಓರೆಯಾಗಿ ಕೆಳಗೆ ಸರಿಯಿತು. ಹಿಂದಿನ ನಾಲ್ಕು ಮ್ಯಾಗ್ನೆಟ್ಟುಗಳು ನಾಲ್ಕು ಗೀರಿನ ಮೇಲೇ ಇಳಿದು ಬಂದವು. ಮಡಿಕೆಗೆ ಬಂದಾಗ ಅವಳು ಬೋರ್ಡನ್ನು ಎತ್ತಿ ನರೇಶನ ಕೈಗೇ ಕೊಟ್ಟಳು. ಅವನು ಏನೂ ತೋಚದೆ ತೆಗೆದುಕೊಂಡ. ತನ್ನದೇ ಕೈಮುಗಿದ ಫೋಟೋವನ್ನು ಎದೆಗೆ ಹಿಡಿದು ನಿಂತ. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇನ್ನೊಬ್ಬರು. ಫೋನು ಹಿಡಿದ ಹುಡುಗನಿಗೂ ನಗು ತಡೆಯಲಾಗದೆ ಕೈ ಅಲುಗಿತು.

"ಆಫ್ ಮಾಡೋ ಲೋ!" ಎಂದು ನರೇಶ ಅರಚಿದ. ಲೈವಿನಲ್ಲಿ ಅದೂ ಹೋಯಿತು.

ಮುಂದಿನದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮುನಿಕೃಷ್ಣಪ್ಪ ಮೇಲಿನಿಂದಲೇ ಕೂಗಿ ಕಾರಿನ ಬೀಗದಕೈ ಕೇಳಿದ, ಮುತ್ತಣ್ಣ ಮೆಟ್ಟಿಲ ಮೇಲೆ ಇಟ್ಟು ಬಂದ. ನರೇಶನ ಹುಡುಗರು ಮೂಲೆಯ ಕೋಣೆಗೆ ನುಗ್ಗಿ ಸಿಕ್ಕಿದ್ದನ್ನು ಅಂಗಳಕ್ಕೆ ಎಸೆದರು. ದೇವರ ಫೋಟೋದ ಗಾಜು ಒಡೆಯಿತು, ಅಕ್ಕಿ ಚೆಲ್ಲಿತು. ಮುತ್ತಣ್ಣ ಹೆಂಡತಿಯ ಕಡೆ ನೋಡದೆ ಒಂದೊಂದನ್ನೇ ಹೆಕ್ಕಿ ಚೀಲಕ್ಕೆ ತುಂಬಿದ. ಅವನು ಚೆಲ್ಲಿದ ಅಕ್ಕಿಯನ್ನೂ ಬಳಿದುಕೊಳ್ಳುವುದನ್ನು ನೋಡಿ ಅವಳಿಗೆ ಅಳು ಬಂತು. ಅತ್ತರೆ ಯಂಕಮ್ಮ ನೋಡುತ್ತಾಳೆಂದು ತಡೆದುಕೊಂಡಳು.

ಹಂಪಣ್ಣ ಲಗೇಜ್ ಆಟೋ ತಂದಾಗ ಅಂಗಳದಲ್ಲಿ ಎರಡು ಮನೆಯ ಸಾಮಾನು ಬಿದ್ದಿತ್ತು. ನಡೆದದ್ದನ್ನು ಕೇಳಿ ಅವನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ.

"ಬಟ್ಟರಹಳ್ಳ್ಯಾಗ ನಮ್ಮೂರ ಮೇಸ್ತ್ರಿ ಶೆಡ್ಡು ಅವ. ಇನ್ನೊಂದು ಖೋಲಿ ಸಿಗಬೋದು," ಎಂದ ಮುತ್ತಣ್ಣನಿಗೆ. "ನಿನ್ನ ಸಾಮಾನೂ ಈ ಆಟೋದಾಗss ಹಾಕೋ. ಈಗ ಬ್ಯಾರೆ ಗಾಡಿ ಎಲ್ಲಿ ಹುಡುಕ್ತಿ?"

"ಸಾಮಾನು ಕಟ್ಟಿ ಮುಗದ ಮ್ಯಾಲ ಅಕಿಗಿ ಬುದ್ಧಿ ಬಂತು," ಎಂದಳು ಯಂಕಮ್ಮ ಗಂಡನಿಗೆ, ಜಯಮಾಲಾಗೆ ಕೇಳುವಷ್ಟು ಗಟ್ಟಿಯಾಗಿ. "ನನ್ನ ಸಾಮಾನಿಗಿ ಅಕಿ ಸಾಮಾನು ತಾಗಬಾರದು, ಹೇಳಿಡು."

ಆದರೆ ಲಗೇಜ್ ಆಟೋದಲ್ಲಿ ತಾಗದಷ್ಟು ಜಾಗ ಎಲ್ಲಿರುತ್ತದೆ. ಮಂಚದ ಮೇಲೆ ಮಂಚ ಬಿತ್ತು, ಹಾಸಿಗೆಯ ಮೇಲೆ ಹಾಸಿಗೆ ಬಿತ್ತು. ಗಂಡಸರು ಮುಂದೆ ಡ್ರೈವರಿನ ಪಕ್ಕ ಇರುಕಿಕೊಂಡರು. ಹೆಂಗಸರು ಹಿಂದೆ ಸಾಮಾನಿನ ನಡುವೆ ಕೂತರು. ಯಂಕಮ್ಮ ಬಲಕ್ಕೆ ಮುಖ ಮಾಡಿದಳು, ಜಯಮಾಲಾ ಎಡಕ್ಕೆ. ಹಿಂದಿನ ಹಲಗೆ ಹಾಕಲು ಬರದೆ ಹಗ್ಗ ಅಡ್ಡ ಕಟ್ಟಿದ್ದರು. ಗಾಡಿ ರೈಲ್ವೆ ಗೇಟು ದಾಟಿ ಮಹದೇವಪುರದ ಟ್ರಾಫಿಕ್ಕಿಗೆ ಸಿಕ್ಕಿಕೊಂಡಿತು. ಒಮ್ಮೆ ಜಯಮಾಲಾ "ಯಂಕಮ್ಮಕ್ಕ" ಎಂದು ಶುರುಮಾಡಿದಳು. "ಮಾತಾಡ್ಸಬ್ಯಾಡ," ಎಂದಳು ಅವಳು.

ಟಿನ್ ಫ್ಯಾಕ್ಟರಿ ದಾಟಿದ ಮೇಲೆ ಗಾಡಿ ವೇಗ ಹಿಡಿಯಿತು. ಯಾವುದೋ ಹಂಪು ಹಾರಿದಾಗ ಜಯಮಾಲಾಳ ಗ್ಯಾಸ್ ಸಿಲಿಂಡರು ಅಡ್ಡಬಿದ್ದು ಹಿಂದಕ್ಕೆ ಉರುಳಿತು. ಅವಳ ಎರಡೂ ಕೈಯಲ್ಲಿ ಪಾತ್ರೆಯ ಬುಟ್ಟಿ. ಬಿಟ್ಟು ಹಿಡಿಯುವಷ್ಟರಲ್ಲಿ ಅದು ಹಗ್ಗದ ಕೆಳಗೆ ನುಸುಳುವುದರಲ್ಲಿತ್ತು. ಯಂಕಮ್ಮ ತಿರುಗಿ ನೋಡಲಿಲ್ಲ. ಆ ಕಡೆಯ ಅಂಗಡಿಗಳನ್ನು ನೋಡುತ್ತಲೇ ಕಾಲು ಚಾಚಿ ಸಿಲಿಂಡರಿಗೆ ಪಾದ ಅಡ್ಡ ಕೊಟ್ಟಳು. ಗಾಡಿ ಕೆ.ಆರ್. ಪುರದ ತೂಗುಸೇತುವೆ ಹತ್ತಿ ಇಳಿಯಿತು. ಸಿಲಿಂಡರು ಒಂದೊಂದು ಕುಲುಕಿಗೂ ಅವಳ ಹಿಮ್ಮಡಿಗೆ ಬಡಿಯುತ್ತಿತ್ತು, ಅವಳು ಕಾಲು ತೆಗೆಯಲಿಲ್ಲ.